ಚಕ್ಕುಲಿ ಹಿಟ್ಟಿನಲ್ಲಿ ಟೆಕ್ನೋ

ತಪ್ಪು ಮಾಡೋದರಲ್ಲೂ ದರ್ಜೆ ಇರ್ತದೆ. ಕೆಲವರು ತಮ್ಮ ಮನೆಗೆ ಮಾತ್ರ ಸಾಕಾಗುವಷ್ಟು ತಪ್ಪು ಮಾಡ್ತಾರೆ. ಹಾಲು ಉಕ್ಕಿಸ್ತಾರೆ, ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಳ್ತಾರೆ. ನಾನು ಈ ಸಲ ಮಾಡಿದ್ದು ಒಂದು ಪ್ಯಾಟೆಗೇ ಸಾಲುವಂಥದ್ದು. ಚೌತಿ ಹಬ್ಬ ಎದುರಿಗೆ ಬಂದು ನಿಂತಾಗ, ಸಿದ್ದಾಪುರದಲ್ಲಿ ನಾನು ಕೆಲಸ ಮಾಡುವ ಓಣಿಯ ಹಿಟ್ಟಿನ ಗಿರಣಿಯ ಬೆಲ್ಟು ಹರಿದು ಹೋಗುವ ಹಾಗೆ ಮಾಡಿದೆ. ಅವತ್ತು ಆ ಗಿರಣಿ ಮುಂದೆ ಸಾಲಾಗಿ ಕೂತಿದ್ದ ಡಬ್ಬಿಗಳಲ್ಲೆಲ್ಲ ಚಕ್ಕುಲಿ ಅಕ್ಕಿಯೇ ಇತ್ತು. ಬೇಕಂತ ಮಾಡಿದ್ದಲ್ಲ ಅಂತ ಹೇಳಿಬಿಡಬಹುದು, ಆದ್ರೆ ಅದು ಅರ್ಧ ಸುಳ್ಳಾಗ್ತದೆ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಟ್ಟೆ: "ಟೆಕ್ನೋದಿಂದ." ನಮ್ಮ ಪಕ್ಕದ ಮನೆ ಶಾರದಕ್ಕ ಪಾಪ, ನನ್ನ ಹಣೆ ಮುಟ್ಟಿ ನೋಡಿ, "ಅದೆಂತ ಹೊಸಾ ಜ್ವರನಾ? ರಕ್ತ ಪರೀಕ್ಷೆ ಮಾಡ್ಸಿದ್ಯಾ?" ಅಂದಳು.

ನಮ್ಮ ಕಡೆಯವರಲ್ಲದವರಿಗೆ ಈ ತಪ್ಪಿನ ತೂಕ ಗೊತ್ತಾಗಲಿಕ್ಕಿಲ್ಲ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಚೌತಿ ಅಂದ್ರೆ ಮೊದಲು ಚಕ್ಕುಲಿ, ಆಮೇಲೆ ಗಣಪತಿ. ಗಣಪತಿ ಆದ್ರೂ ಬೇಗ ಹೊಳೆ ದಾರಿ ಹಿಡೀತಾನೆ, ಚಕ್ಕುಲಿ ಡಬ್ಬಿ ಮಾತ್ರ ದಸರಾ ತನಕ ಅಟ್ಟದ ಮೇಲೆ ಕೂತಿರ್ತದೆ. ಈ ಚಕ್ಕುಲಿಯನ್ನ ಒರಳಿಗೆ ತುಂಬಿ ಒತ್ತಿದ್ರೆ ಮರ್ಯಾದೆ ಇಲ್ಲ. ಕೈಯಲ್ಲೇ ಎಳೆ ಹೊಸೆದು ಸುತ್ತಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲವಲ್ಲ, ಅದಕ್ಕೆ ಇವತ್ತು ನಮ್ಮನೆ, ನಾಳೆ ನಿಮ್ಮನೆ ಅಂತ ಸುತ್ತಮುತ್ತಲಿನವರೆಲ್ಲ ಸೇರಿ ಸುತ್ತೋದು. ಚಕ್ಕುಲಿ ಕಂಬಳ ಅಂತ ಅದಕ್ಕೆ ಹೆಸರು. ಕಂಬಳಕ್ಕೆ ಹತ್ತು ಮನೆಯವರನ್ನ ಕರೆದು "ಹಿಟ್ಟೇ ಇಲ್ಲ" ಅನ್ನೋದು ಅಂದ್ರೆ, ಮದುವೆಗೆ ಕರೆದು "ಮದುಮಗ ಬರಲಿಲ್ಲ, ಊಟ ಮಾಡ್ಕೊಂಡು ಹೋಗಿ" ಅಂದ ಹಾಗೆ. ಊಟವೂ ಇಲ್ಲ ಅನ್ನೋದು ಇಲ್ಲಿ ಹೆಚ್ಚಿನ ಅವಮಾನ.

ಈಗ ನನ್ನ ವಿಷಯ. ನಾನು ದಿನಾ ಕೋಲಸಿರ್ಸಿಯಿಂದ ಬೈಕ್ ಹತ್ತಿ ಸಿದ್ದಾಪುರಕ್ಕೆ ಹೋಗಿ, ನಮ್ಮ ಮಾವನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರ್ತೇನೆ. ಮಾವ ಮುಂದೆ ಕೂತು ಗಿರಾಕಿ ಹತ್ರ ಮಾತಾಡ್ತಾನೆ, ನಾನು ಹಿಂದೆ ಕೂತು ಫೋನ್ ಬಿಚ್ಚುತ್ತೇನೆ. ಬಿಚ್ಚೋದರಲ್ಲಿ ನನ್ನ ಮೀರಿಸುವವರಿಲ್ಲ. ಮುಚ್ಚಿದ ಮೇಲೆ ಒಂದೆರಡು ಸ್ಕ್ರೂ ಉಳಿತವೆ, ಅದನ್ನ ನಾನು ಕಂಪನಿಯವರ ದುಂದುವೆಚ್ಚ ಅಂತ ತಿಳ್ಕೊಂಡಿದ್ದೇನೆ. ಅಂಗಡಿಯಲ್ಲಿ ಹಾಡು ಕೇಳಲಿಕ್ಕೆ ಮಾವನ ಅಡ್ಡಿ ಇಲ್ಲ, ಒಂದೇ ಒಂದು ಕಾನೂನು: "ಮಂಜಾ, ಅಂಗಡಿ ಬಾಗಿಲು ತೆಗೆದಿರೋ ತನಕ ನಿನ್ನ ಎಡಗಿವಿ ನಂದು." ಅಂದ್ರೆ ಇಯರ್‌ಫೋನಿನ ಒಂದು ತುದಿ ಬಲಗಿವಿಗೆ ಮಾತ್ರ. ಎಡಗಿವಿ ಮಾವ ಕರೆದ್ರೆ ಓಗೊಡಲಿಕ್ಕೆ ಖಾಲಿ ಇರಬೇಕು. ಆ ಎಡಗಿವಿಯ ಪಕ್ಕದಲ್ಲೇ ಒಂದು ಗೋಡೆ. ಗೋಡೆಯ ಆಚೆ ಗಂಗಕ್ಕನ ಗಿರಣಿ.

ಗಂಗಕ್ಕ ಬನವಾಸಿ ಕಡೆಯವಳು. ಮದುವೆಯಾಗಿ ಸಿದ್ದಾಪುರಕ್ಕೆ ಬಂದು ಎಷ್ಟೋ ಕಾಲ ಆಯ್ತು, ಆದ್ರೆ ಮಾತು ಮಾತ್ರ ಬನವಾಸಿ ಬಿಟ್ಟು ಬರಲಿಲ್ಲ. ಗಿರಾಕಿಗಳಿಗೆ "ಬರ್ರಿ ಯಕ್ಕಾ, ಡಬ್ಬಿ ಇಡ್ರಿ, ಚಾ ಕುಡದು ಬರ್ರಿ" ಅಂತ ಎಷ್ಟು ಮರ್ಯಾದೆಯೋ, ನನಗೆ ಅಷ್ಟೇ ಸದರ. ಗಿರಣಿಯ ಸದ್ದನ್ನ ಮೀರಿ ಮಾತಾಡಿ ಮಾತಾಡಿ ಅವಳ ದನಿ ಎಂಥದಾಗಿದೆ ಅಂದ್ರೆ, ಗಿರಣಿ ನಿಂತಾಗಲೂ ಅವಳಿಗೆ ಅದನ್ನ ಇಳಿಸಲಿಕ್ಕೆ ಬರೋದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಗಂಗಕ್ಕ ಇವತ್ತು ಬಾಗಿಲು ತೆಗೆದಿದಾಳೋ ಇಲ್ಲವೋ ಅಂತ ಅಲ್ಲಿಂದಲೇ ಗೊತ್ತಾಗ್ತದೆ.

ಇನ್ನು ಟೆಕ್ನೋ. ಅದನ್ನ ನಾನು ಹುಡುಕಿಕೊಂಡು ಹೋದದ್ದಲ್ಲ, ಅದೇ ನನ್ನ ಮೇಲೆ ಬಿದ್ದದ್ದು. ಫೋನಿಗೆ ಹೊಸ ಸ್ಪೀಕರ್ ಹಾಕಿದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಅದಕ್ಕೆ ನೆಟ್‌ನಲ್ಲಿ "ಸ್ಪೀಕರ್ ಟೆಸ್ಟ್" ಅಂತ ವಿಡಿಯೋ ಇರ್ತವೆ. ಢುಂ ಅಂತದೆ, ಟೀಂ ಅಂತದೆ, ಮುಗೀತದೆ. ಒಂದು ದಿನ ಅದು ಮುಗಿದ ಮೇಲೆ ನಿಲ್ಲಿಸೋದು ಮರೆತು ಚಹಾ ಕುಡಿಯಲಿಕ್ಕೆ ಹೋದೆ. ಬಂದು ನೋಡ್ತೇನೆ, ಫೋನು ತನ್ನ ಪಾಡಿಗೆ ಮುಂದಿನದು, ಅದರ ಮುಂದಿನದು ಅಂತ ಹಾಕ್ಕೊಂಡು ಎಲ್ಲಿಗೋ ಹೋಗಿಬಿಟ್ಟಿದೆ. ಯಾವುದೋ ದೇಶದ ಯಾವುದೋ ನೆಲಮಾಳಿಗೆ. ಕೆಂಪು ದೀಪ. ಒಬ್ಬ ಬಡಕಲು ಮನುಷ್ಯ ಮುಖ ಗಂಟು ಹಾಕ್ಕೊಂಡು ಗುಂಡಿ ತಿರುಗಿಸ್ತಿದ್ದಾನೆ, ಸುತ್ತ ಜನ ಕಣ್ಣು ಮುಚ್ಚಿ ತೂಗುತ್ತಿದ್ದಾರೆ. ಢುಕ್ ಢುಕ್ ಢುಕ್ ಢುಕ್. ಹಾಡು ಯಾವಾಗ ಶುರುವಾಗ್ತದೆ ಅಂತ ಕಾದೆ. ಎರಡು ಫೋನ್ ಬಿಚ್ಚಿ ಮುಚ್ಚುವ ತನಕ ಕಾದೆ. ಆಮೇಲೆ ತಿಳೀತು, ಅದು ಆಗಲೇ ಶುರುವಾಗಿ ಮುಗಿಯುತ್ತಾ ಬಂದಿತ್ತು.

ಬೇರೆಯವರಾಗಿದ್ರೆ ಅಲ್ಲಿಗೇ ಬಿಡ್ತಿದ್ರು. ನನಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಿತು. ಇಷ್ಟು ಜನ ಕಣ್ಣು ಮುಚ್ಚಿ ತೂಗ್ತಾರೆ ಅಂದ್ಮೇಲೆ ಅದರಲ್ಲಿ ಎಂತದೋ ಇರಬೇಕು, ನನಗೆ ಮಾತ್ರ ಕಾಣಿಸ್ತಾ ಇಲ್ಲ. ದಿನಾ ಒಂದೊಂದು ಕೇಳಿದೆ. ಈ ಯಂತ್ರದ ಸಂಗೀತದಲ್ಲೂ ಜಾತಿಗಳು: ಟೆಕ್ನೋ ಅಂತ ಒಂದು, ಹೌಸ್ ಅಂತ ಒಂದು, ಮಿನಿಮಲ್ ಹೌಸ್ ಅಂತ ಮತ್ತೊಂದು. ನನಗೆ ಅರ್ಥವಾದ ಮಟ್ಟಿಗೆ ಟೆಕ್ನೋ ಗಟ್ಟಿ ಅವಲಕ್ಕಿ, ಹೌಸ್ ಒಗ್ಗರಣೆ ಹಾಕಿದ ಅವಲಕ್ಕಿ, ಮಿನಿಮಲ್ ಹೌಸ್ ಅಂದ್ರೆ ಅವಲಕ್ಕಿ ತಿಂದೆದ್ದ ಮೇಲೆ ತಟ್ಟೆಯಲ್ಲಿ ಉಳಿದ ನಾಲ್ಕು ಸಾಸಿವೆ. ಆದ್ರೆ ಆ ನಾಲ್ಕು ಸಾಸಿವೆಯಲ್ಲಿ ಒಂದು ಜಾಗ ಬದಲಾಯಿಸಿದ್ರೆ ಸಾಕು, ನೆಲಮಾಳಿಗೆಯ ಜನ ಎಲ್ಲ ಕೈ ಮೇಲೆತ್ತಿ ಕೂಗ್ತಾರೆ! ಮೊದಮೊದಲು ಯಾಕೆ ಕೂಗಿದ್ರು ಅಂತ ಹಿಂದಕ್ಕೆ ಹಾಕಿ ಹಾಕಿ ನೋಡ್ತಿದ್ದೆ. ಒಂದು ದಿನ ಅವರು ಕೂಗುವುದಕ್ಕಿಂತ ಮೊದಲೇ ನನ್ನ ಕೈಯ ಸ್ಕ್ರೂಡ್ರೈವರ್ ಮೇಲೆ ಹೋಯ್ತು. ಮಾವ ತಿರುಗಿ ನೋಡಿ, "ಎಂತ, ಶಾಕ್ ಹೊಡೀತಾ?" ಅಂದ.

ಈ ಸಂಗೀತದವರ ರೀತಿಯೇ ಬೇರೆ. ನಮ್ಮಲ್ಲಿ ಯಕ್ಷಗಾನಕ್ಕೆ ಜನ ಕಡಿಮೆ ಬಂದ್ರೆ ಆಡಿಸುವವನ ಮುಖ ಬಾಡ್ತದೆ. ಇಲ್ಲಿ ತಿರುಗಾಮುರುಗಾ. ಕೇಳಿದವರು ಎಷ್ಟು ಕಡಿಮೆಯೋ ಅಷ್ಟು ಹೆಮ್ಮೆ. ಲಕ್ಷ ಜನ ಕೇಳಿದ್ರು ಅಂದ್ರೆ ಆ ಹಾಡು ಕೆಟ್ಟಿತು ಅಂತಲೇ ಲೆಕ್ಕ. ನಾನೂ ಅದಕ್ಕೇ ಬಿದ್ದೆ. ಯಾರೂ ಕೇಳದ್ದನ್ನೇ ಹುಡುಕುವ ಚಟ. ಹಾಗೆ ಅಗೆಯುತ್ತಾ ಅಗೆಯುತ್ತಾ ರೊಮೇನಿಯಾ ದೇಶದ ಒಬ್ಬ ಹುಡುಗ ಹಾಕಿದ್ದ ಒಂದು ತುಣುಕು ಸಿಕ್ಕಿತು. ಕೇಳಿದವರು ಇಲ್ಲವೇ ಇಲ್ಲ ಅನ್ನುವಷ್ಟು. ಬಹುಶಃ ಅವನು, ಅವನ ತಾಯಿ, ಮತ್ತೆ ನಾನು.

ಅದನ್ನ ಅಂಗಡಿಯಲ್ಲಿ ಬಲಗಿವಿಗೆ ಹಾಕ್ಕೊಂಡೆ ನೋಡಿ, ಮೈ ಜುಂ ಅಂತು. ಕೆಳಗೆ ಢುಕ್ ಢುಕ್ ಅಂತ ಒಂದೇ ಸಮ. ಅದರ ಮೇಲೆ ದೂರದಿಂದ ಬಂದ ಹಾಗೆ ಒಂದು "ಟಕ್". ಈ ಟಕ್ ಇದೆಯಲ್ಲ, ಅದು ತಾಳಕ್ಕೆ ಸಿಕ್ಕುವುದೇ ಇಲ್ಲ. ಒಮ್ಮೆ ಢುಕ್‌ಗಿಂತ ಮುಂದೆ, ಒಮ್ಮೆ ಹಿಂದೆ, ಒಮ್ಮೊಮ್ಮೆ ಕರೆಕ್ಟಾಗಿ ಅದರ ತಲೆ ಮೇಲೆ ಬಂದು ಕೂತು ಮತ್ತೆ ಜಾರಿ ಹೋಗ್ತದೆ. ನಡುನಡುವೆ ಒಂದು ಗುಂಯ್ ಅನ್ನುವ ದನಿ ಟೊಳ್ಳಾಗಿ ಮೇಲಕ್ಕೇರ್ತದೆ, ಕಾಯಿಸ್ತದೆ, ಕಾಯಿಸ್ತದೆ, ಆಮೇಲೆ ಸರ್ರಂತ ಏನೋ ಸುರಿದ ಹಾಗಾಗಿ ಇಡೀ ಸಂಗೀತ ಗಡದ್ದಾಗಿ ಕೆಳಗಿಳೀತದೆ. ಅದಾದ ಮೇಲೆ ತಗಡು ಬಡಿದ ಹಾಗೆ ಢಬ್ ಢಬ್ ಢಬ್. ಆಹಾ! ಪ್ರತಿ ಸಲ ಹಾಕಿದಾಗಲೂ ಅದು ಬೇರೆ ಜಾಗದಲ್ಲಿ ಬರ್ತದೆ ಅನ್ನೋದು ನನಗೆ ಇನ್ನೂ ದೊಡ್ಡ ಆಶ್ಚರ್ಯ. ಎಂಥಾ ಪ್ರತಿಭೆ, ಕೇಳಿದಷ್ಟು ಸಲ ಹೊಸದಾಗುವ ಸಂಗೀತ ಅಂದ್ಕೊಂಡೆ. ಒಂದು ದಿನವಂತೂ ಕೇಳ್ತಾ ಕೇಳ್ತಾ ಕಣ್ಣಲ್ಲಿ ನೀರು ಬಂತು. ಸಂಗೀತಕ್ಕೆ ನಾನು ಅತ್ತದ್ದು ಜೀವನದಲ್ಲಿ ಅದೇ ಮೊದಲು. ಮೂಗು ಒರೆಸ್ಕೊಂಡು ತಿರುಗಿ ನೋಡಿದ್ರೆ ಮಾವನೂ ಅಳ್ತಿದ್ದ, ಡಿಸ್ಪ್ಲೇ ಹಾಕಿಸಲಿಕ್ಕೆ ಬಂದ ಗಿರಾಕಿಯೂ ಅಳ್ತಿದ್ದ. ಪಕ್ಕದಲ್ಲಿ ಗಂಗಕ್ಕ ಒಣಮೆಣಸು ಹಾಕಿದ್ದಾಳೆ ಅಂತ ಮಾವ ಸೀನುತ್ತಾ ಬೈದ. ಆಗಲಾದ್ರೂ ನನಗೆ ಹೊಳೀಬೇಕಿತ್ತು. ಹೊಳೀಲಿಲ್ಲ.

ಕಷ್ಟ ಶುರುವಾದದ್ದು ಮನೆಯಲ್ಲಿ. ಅದೇ ತುಣುಕನ್ನ ಮನೆಗೆ ಬಂದು ಎರಡೂ ಕಿವಿಗೆ ಹಾಕ್ಕೊಂಡು ಕೇಳಿದ್ರೆ ಟಕ್ ಇಲ್ಲ! ಗುಂಯ್ ಇಲ್ಲ, ಢಬ್ ಢಬ್ ಇಲ್ಲ. ಬರೀ ಢುಕ್ ಢುಕ್. ಸಾರಿಗೆ ಉಪ್ಪು ಮರೆತ ಹಾಗೆ. ಕೋಲಸಿರ್ಸಿಯ ನೆಟ್‌ವರ್ಕಿನಲ್ಲಿ ಟಕ್ ಬರೋದಿಲ್ಲ ಅಂತ ತೀರ್ಮಾನ ಮಾಡಿದೆ. ಗದ್ದೆ ಆಚೆ ದಿಬ್ಬದ ಮೇಲೆ ನೆಟ್‌ವರ್ಕ್ ಚೊಲೋ ಸಿಗ್ತದೆ, ಅಲ್ಲಿ ಹೋಗಿ ಫೋನ್ ಎತ್ತಿ ಹಿಡಿದು ನಿಂತೆ. ಅಮ್ಮ ಅಂಗಳದಿಂದ ನೋಡಿ, "ಯಾರಾದ್ರೂ ಹುಡುಗಿ ಹತ್ರ ಮಾತಾಡೋದಾದ್ರೆ ಇಲ್ಲೇ ಜಗಲಿ ಮೇಲೆ ಕೂತು ಮಾತಾಡಾ, ನಾನೇನು ಬೈಯೂದಿಲ್ಲೆ" ಅಂದಳು. ಸಿರ್ಸಿಗೆ ಹೋಗಿ ಕಿವಿ ಪೂರ್ತಿ ಮುಚ್ಚುವಂಥ ದೊಡ್ಡ ಹೆಡ್‌ಫೋನ್ ತಂದೆ. ಟಕ್ ಇನ್ನೂ ದೂರ ಹೋಯ್ತು. ಕಡೆಗೆ ಯಲ್ಲಾಪುರಕ್ಕೇ ಹೋದೆ. ಅಲ್ಲಿ ನನ್ನ ಗೆಳೆಯ ನಾಗೇಶ ಮೆರವಣಿಗೆಗೆ ಬಾಡಿಗೆ ಕೊಡುವ ಆಳೆತ್ತರದ ಸೌಂಡ್ ಬಾಕ್ಸ್ ಇಟ್ಟಿದ್ದಾನೆ. ಅದರಲ್ಲಿ ಹಾಕಿದ್ರೆ ಇರುವೆ ನಡೆದದ್ದೂ ಕೇಳ್ತದೆ. ಹಾಕಿದೆವು. ನಾಗೇಶ ಒಂದಷ್ಟು ಹೊತ್ತು ತಲೆ ಓರೆ ಮಾಡಿ ನಿಂತ.

"ಎಂತದೂ ಇಲ್ಲೆ ಮಾರಾಯ ಇದ್ರಲ್ಲಿ. ಹಾಡು ಎಲ್ಲಿದ್ದು?"

"ಹಾಡು ಇರೋದಿಲ್ಲ ಇದಕ್ಕೆ. ಟಕ್ ಕೇಳ್ತದಾ ನೋಡು."

"ನೀ ಇಷ್ಟು ದೂರ ಬೈಕ್ ಹೊಡಕಂಡು ಬಂದಿದ್ದು ಟಕ್ ಕೇಳಲೆ? ಆನು ಮನೆಗೆ ಹೋಗ್ತೆ, ನೀ ಬಾಗಿಲು ಹಾಕ್ಕಂಡು ಬಾ" ಅಂತ ನಾಗೇಶ ಹೊರಟೇಬಿಟ್ಟ.

ಆಗ ನನಗೆ ಖಾತ್ರಿಯಾಯ್ತು, ಇದಕ್ಕೆ ಎರಡು ಆವೃತ್ತಿ ಇದೆ. ಟಕ್ ಇರೋದು ಒಂದು, ಇಲ್ಲದ್ದು ಒಂದು. ರೊಮೇನಿಯಾದ ಹುಡುಗನಿಗೇ ನೇರ ಬರೆದೆ. ನನ್ನ ಇಂಗ್ಲಿಷಿನಲ್ಲಿ ಟಕ್ ವರ್ಣಿಸಲಿಕ್ಕೆ ಆಗದೆ, ಬಾಯಲ್ಲೇ ಟಕ್, ಗುಂಯ್, ಸರ್ರ್, ಢಬ್ ಢಬ್ ಅಂತ ಮಾಡಿ ಆಡಿಯೋ ಕಳಿಸಿದೆ. ಅವನು ಬಹಳ ಮರ್ಯಾದಸ್ಥ. ನನ್ನ ತುಣುಕು ಒಂದೇ, ಟಕ್ ಹಾಕಿದವನು ನಾನಲ್ಲ, ಆದ್ರೆ ನೀನು ಬಾಯಲ್ಲಿ ಮಾಡಿದ್ದು ಕೇಳಿ ನನಗೂ ಕುತೂಹಲ ಹುಟ್ಟಿದೆ, ನಿಜವಾದದ್ದು ಸಿಕ್ಕಿದ್ರೆ ದಯವಿಟ್ಟು ಕಳಿಸು ಅಂತ ಉತ್ತರ ಬರೆದ. ನನ್ನ ಸ್ಥಿತಿ ಯೋಚನೆ ಮಾಡಿ. ಹಾಡು ಮಾಡಿದವನಿಗೇ ಗೊತ್ತಿಲ್ಲದ್ದು ನನಗೆ ಕೇಳ್ತಾ ಇದೆ! ನಾನು ಸಾಮಾನ್ಯ ಮನುಷ್ಯ ಅಲ್ಲ ಅಂತ ಒಂದು ದಿನ ಪೂರ್ತಿ ನಂಬಿಕೊಂಡು ಓಡಾಡಿದೆ.

ಮಾರನೇ ದಿನ ಮಧ್ಯಾಹ್ನ ಕರೆಂಟ್ ಹೋಯ್ತು. ನನ್ನ ಬಲಗಿವಿಯಲ್ಲಿ ಆ ತುಣುಕು ಓಡ್ತಾ ಇತ್ತು. ಟಕ್ ಟಕ್ ಟಕ್... ಟಕ್... ಟ... ನಿಂತಿತು. ಢುಕ್ ಮಾತ್ರ ಮುಂದೆ ಹೋಗ್ತಾ ಇದೆ. ಫೋನು ಬ್ಯಾಟರಿ ಮೇಲೆ ಓಡೋದು, ಕರೆಂಟ್ ಹೋದ್ರೆ ಅರ್ಧ ಹಾಡು ಯಾಕೆ ನಿಲ್ಲಬೇಕು? ಫೋನನ್ನ ತಿರುಗಿಸಿ ನೋಡಿದೆ, ಬೆನ್ನಿಗೆ ಎರಡು ಬಡಿದೆ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಗಂಗಕ್ಕನ ದನಿ ಬಂತು: "ಹಾಳಾದ ಕರೆಂಟು! ಅಕ್ಕಿ ಅರ್ಧ ಕಲ್ಲಾಗ ಕುಂತೇತಿ ನೋಡ್ರಿ ಯಕ್ಕಾ!" ನಾನು ಎಡಗಿವಿಯನ್ನ ಗೋಡೆಗೆ ಹಚ್ಚಿದೆ. ಕರೆಂಟ್ ಬರುವ ತನಕ ಉಸಿರು ಬಿಗಿ ಹಿಡಿದು ಕೂತೆ. ಬಂತು. ಟ... ಟಕ್. ಟಕ್ ಟಕ್. ನಾನು ಬಲಗಿವಿಯದ್ದನ್ನ ಕಿತ್ತು ಹಾಕಿದೆ. ಟಕ್ ಹಾಗೇ ಇತ್ತು.

ಗಿರಣಿಗೆ ಓಡಿದೆ. ಮೋಟಾರಿನಿಂದ ಕಲ್ಲಿನ ಗಾಲಿಗೆ ಹೋಗುವ ಅಗಲದ ಬೆಲ್ಟು ತಿರುಗ್ತಾ ಇದೆ. ಅದರ ಎರಡು ತುದಿ ಸೇರಿಸಿ ತಂತಿ ಹೊಲಿದ ಜಾಗ ಸಡಿಲವಾಗಿ, ಪ್ರತಿ ಸುತ್ತಿಗೂ ಗಾಲಿಗೆ ಬಡೀತಾ ಇದೆ: ಟಕ್. ಅಕ್ಕಿ ಮುಗಿದು ಕಲ್ಲು ಖಾಲಿಯಾದ್ರೆ ಗುಂಯ್. ಗಂಗಕ್ಕ ಮುಂದಿನ ಡಬ್ಬಿ ಸುರುವಿದ್ರೆ ಸರ್ರ್. ತಗಡಿನ ಕೊಳವೆಯಲ್ಲಿ ಅಂಟಿಕೊಂಡ ಹಿಟ್ಟು ಉದುರಲಿ ಅಂತ ಅವಳು ಕೈಯಲ್ಲಿ ಬಡಿದ್ರೆ ಢಬ್ ಢಬ್ ಢಬ್. ನಾನು ಇಷ್ಟು ದಿನ ಪೂಜೆ ಮಾಡಿದ ಸಂಗೀತದಲ್ಲಿ ಅರ್ಧ ರೊಮೇನಿಯಾದ್ದು, ಅರ್ಧ ನಮ್ಮ ಓಣಿಯವರ ಅಕ್ಕಿಯದ್ದು. ನಾಚಿಕೆ ಆಗಬೇಕಿತ್ತು. ಆಗಲಿಲ್ಲ, ಬದಲಿಗೆ ಇನ್ನೂ ಹುಚ್ಚು ಹಿಡೀತು. ಹೀಗೆ ಸೇರಿದ್ರೆ ಇಷ್ಟು ಚಂದ ಕೇಳ್ತದೆ ಅಂದ್ಮೇಲೆ ಇದನ್ನ ಸರಿಯಾಗಿ ರೆಕಾರ್ಡ್ ಮಾಡಿ ಅವನಿಗೆ ಕಳಿಸಲೇಬೇಕು.

"ಗಂಗಕ್ಕಾ, ಈ ಟಕ್ ಅಂತದಲ್ಲ, ಅದು ಎಷ್ಟು ದಿನದಿಂದ ಇದೆ?"

"ಟಕ್ ಅನ್ನೋದು ಕೇಳಸ್ತೇನಲೇ ನಿನಗ? ಭಾಳ ದಿನಾತು. ಹೊಲಿಗಿ ಬಿಡಾಕತ್ತೇತಿ. ಚೌತಿ ಗದ್ದಲ ಬ್ಯಾರೆ, ನಡುವ ಹರದ್ರ ನನ್ನ ಕಥಿ ಮುಗೀತು. ಇಸಳೂರಿನ ಮಾಬ್ಲ ಹೊಸಾ ಬೆಲ್ಟ್ ಹಾಕ್ತೀನಿ ಅಂದಾನ. ನನ್ನ ಫೋನು ನಿಮ್ಮ ಅಂಗಡ್ಯಾಗ ಸತ್ತು ಬಿದ್ದೇತಲ್ಲ, ನೀನ ಒಂದು ಫೋನ್ ಹಚ್ಚಿ ನಾಳೆ ಮುಂಜಾನಿ ಬಾ ಅಂತ ಹೇಳಿಬಿಡು ತಮ್ಮಾ."

ಅವಳ ಫೋನಿನ ಸ್ಪೀಕರ್ ಹಾಳಾಗಿ ನಮ್ಮ ಅಂಗಡಿಗೆ ಬಂದಿದ್ದು ಹೌದು. ನಾನು ಬಿಚ್ಚಿಟ್ಟಿದ್ದೂ ಹೌದು. ಹೊರಗೆ ಬಂದು ಮೆಕ್ಯಾನಿಕ್ ಮಾಬ್ಲಣ್ಣನಿಗೆ ಫೋನ್ ಹಚ್ಚಿದೆ. ನಾಳೆ ಬಾ ಅನ್ನಲಿಕ್ಕೆ ಬಾಯಿ ತೆಗೆದೆ. ನಾಳೆ ಹೊಸ ಬೆಲ್ಟು ಬಂದ್ರೆ ಟಕ್ ಈ ಭೂಮಿ ಮೇಲಿಂದಲೇ ಹೋಯ್ತು. ಇವತ್ತು ರೆಕಾರ್ಡ್ ಮಾಡೋಣ ಅಂದ್ರೆ ಕರೆಂಟ್ ಬಂದು ಹೋಗಿ ಮಾಡ್ತಾ ಇದೆ. ಬೆಲ್ಟು ಇಷ್ಟು ದಿನ ತಡೆದಿದೆ, ಇನ್ನೊಂದು ದಿನ ತಡೆಯೋದಿಲ್ಲವಾ? ಹೀಗೆ ಬೆಲ್ಟಿನ ಪರವಾಗಿ ನಾನೇ ಯೋಚನೆ ಮಾಡಿ, "ಮಾಬ್ಲಣ್ಣ, ಗಂಗಕ್ಕ ನಾಳೆ ಬ್ಯಾಡ, ನಾಡಿದ್ದು ಬಾ ಅಂದಳು" ಅಂದೆ. "ಹೌದನಾ? ಚೌತಿ ಹತ್ರ ಬಂತಲ್ಲಾ ಮಾರಾಯ, ನಾಳೆ ಎಂತ ಅಡ್ಡಿ?" ಅಂತ ಅವನು ಕೇಳಿದ. ಸುಳ್ಳಿಗೆ ಸುಳ್ಳು ಪೋಣಿಸಲಿಕ್ಕೆ ಹೊಳೆಯದೆ "ರೆಕಾರ್ಡಿಂಗ್ ಇದೆ" ಅಂತ ನಿಜವನ್ನೇ ಹೇಳಿಬಿಟ್ಟೆ. ಇದು ನಾನು ಮಾಡಿದ ಎರಡನೇ ತಪ್ಪು. ಸುಳ್ಳು ಹೇಳುವವನು ನಡುವೆ ನಿಜ ಬೆರೆಸಬಾರದು.

ಮರುದಿನ ಗಿರಣಿ ಮುಂದೆ ಜಾತ್ರೆ. ಡಬ್ಬಿಗಳ ಸಾಲು ರಸ್ತೆಗೇ ಬಂದಿತ್ತು. ತೊಳೆದು ಒಣಗಿಸಿದ ಅಕ್ಕಿ, ಹುರಿದ ಉದ್ದಿನ ಬೇಳೆ, ಅದರ ಘಮ ಬೇರೆ. ಮಾರನೇ ದಿನ ನಮ್ಮನೆಯಲ್ಲೇ ಕಂಬಳ ಇತ್ತು, ಅಮ್ಮ ಆಗಲೇ ಹತ್ತು ಮನೆಗೂ ಕರೆಯ ಹೇಳಿಬಂದಾಗಿತ್ತು. ಹಾಗಾಗಿ ಅವಳೂ ದೊಡ್ಡ ಡಬ್ಬಿ ಹಿಡ್ಕೊಂಡು ಬಸ್ಸಿನಲ್ಲಿ ಬಂದಿದ್ದಳು. ಗಂಗಕ್ಕ "ಬರ್ರಿ ಯಕ್ಕಾ, ನಿಮ್ಮ ಮಗ ಬಾಜೂಕ ಅದಾನ ಅಂದಮ್ಯಾಲೆ ನಿಮ್ಮ ಡಬ್ಬಿ ಮೊದಲ ಹಾಕ್ತೀನಿ" ಅಂತ ನಮ್ಮ ಅಕ್ಕಿಯನ್ನೇ ಸುರುವಿದಳು. ಅವಳ ಫೋನನ್ನ ನಾನು ರಿಪೇರಿ ಮುಗಿಸಿ ತಂದುಕೊಟ್ಟಿದ್ದೆ. ಹೊಸ ಸ್ಪೀಕರ್, ಎಲ್ಲ ಸ್ಕ್ರೂ ಸಮೇತ, ಅಂಥಾ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ನನ್ನ ಫೋನನ್ನ ರೆಕಾರ್ಡಿಗೆ ಹಾಕಿ ಬೆಲ್ಟಿನ ಹತ್ತಿರದ ಗೋಡೆಯ ಮೊಳೆಗೆ ತೂಗುಹಾಕಿದೆ. ಗಂಗಕ್ಕ ಏನಲೇ ಅದು ಅಂದಿದ್ದಕ್ಕೆ ಚಾರ್ಜಿಗೆ ಹಾಕಿದ್ದು ಅಂದೆ. ಅಲ್ಲಿ ಕರೆಂಟಿನ ಪ್ಲಗ್ಗೇ ಇರಲಿಲ್ಲ, ಪುಣ್ಯಕ್ಕೆ ಯಾರೂ ನೋಡಲಿಲ್ಲ.

ಟಕ್ ಟಕ್ ಟಕ್. ಎಷ್ಟು ಚಂದ ಹೋಗ್ತಾ ಇತ್ತು ಅಂದ್ರೆ ನಾನು ಕಣ್ಣು ಮುಚ್ಚಿ ತೂಗಲಿಕ್ಕೆ ಶುರು ಮಾಡಿದೆ, ಥೇಟ್ ಆ ನೆಲಮಾಳಿಗೆಯವರ ಹಾಗೆ. ಟಕ್ ಸ್ವಲ್ಪ ಜೋರಾಯ್ತು. ಆಹಾ, ಏರ್ತಾ ಇದೆ ಅಂದ್ಕೊಂಡೆ. ಇನ್ನೂ ಜೋರಾಯ್ತು. ಟಪ್ ಟಪ್ ಅಂತು. ಈಗ ಇಳೀತದೆ, ಈಗ ಇಳೀತದೆ ಅಂತ ನಾನು ಕೈ ಮೇಲೆತ್ತಿದೆ. ಫಟಾರ್! ಬೆಲ್ಟು ಹಾವಿನ ಹಾಗೆ ಹಾರಿ ಗೋಡೆಯ ಕ್ಯಾಲೆಂಡರ್ ಹರಿದು, ಹಿಟ್ಟಿನ ಚೀಲಕ್ಕೆ ಬಡಿದು ಬಿತ್ತು. ಒಳಗೆಲ್ಲ ಬೆಳ್ಳಗೆ ಮೋಡ. ಮೋಡ ಇಳಿದಾಗ ಎಲ್ಲರೂ ಬಿಳಿ. ಯಾರಿಗೂ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಎರಡೂ ಕೈ ಮೇಲೆತ್ತಿಕೊಂಡು ನಿಂತವನು ನಾನೊಬ್ಬನೇ. ಹೆದರಿ ಎತ್ತಿದ್ದು ಅಂತ ಎಲ್ಲರೂ ತಿಳ್ಕೊಂಡರು, ನಾನೂ ಹೂಂ ಅಂದೆ.

ಗಂಗಕ್ಕ ಸೆರಗಲ್ಲಿ ಮುಖ ಒರೆಸ್ಕೊಂಡು, ಹೊಸದಾಗಿ ರಿಪೇರಿಯಾದ ಫೋನ್ ತೆಗೆದು ಮಾಬ್ಲಣ್ಣನಿಗೆ ಹಚ್ಚಿದಳು. ಅವಳಿಗೆ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡಿ ರೂಢಿ. "ಎಲ್ಲಿ ಸತ್ತೀಯೋ ಮಾಬ್ಲಾ? ಮುಂಜಾನಿ ಬಾ ಅಂದ್ರ ಇನ್ನಾ ಬಂದಿಲ್ಲ, ಇಲ್ಲಿ ಬೆಲ್ಟ್ ಹರದು ಊರ ಮಂದಿ ಅಕ್ಕಿ ಎಲ್ಲಾ ಕುಂತೇತಿ!"

ನಾನು ಹಾಕಿದ ಸ್ಪೀಕರಿನಿಂದ ಮಾಬ್ಲಣ್ಣನ ಉತ್ತರ ಒಂದಕ್ಷರವೂ ಬಿಡದೆ ಓಣಿಗೆಲ್ಲ ಕೇಳಿತು: "ಎಂತ ಗಂಗಕ್ಕಾ, ನೀವೇ ನಾಡಿದ್ದು ಬಾ ಅಂದ್ರಿ ಅಂತ ನಿಮ್ಮ ಪಕ್ಕದ ಮೊಬೈಲ್ ಅಂಗಡಿ ಮಂಜ ನಿನ್ನೆ ಫೋನ್ ಮಾಡಿದ್ದ. ಎಂತದೋ ರೆಕಾರ್ಡಿಂಗ್ ಇದೆ ಅಂದ. ಮುಗೀತಾ ರೆಕಾರ್ಡಿಂಗ್?"

ಅಷ್ಟೂ ಬಿಳಿ ಮುಖಗಳು ನನ್ನ ಕಡೆ ತಿರುಗಿದವು. ಮೊಳೆಗೆ ತೂಗುಬಿದ್ದ ಫೋನಿನ ಕಡೆ ತಿರುಗಿದವು. ಮತ್ತೆ ನನ್ನ ಕಡೆ ತಿರುಗಿದವು. ಆಮೇಲೆ ಗಂಗಕ್ಕ ಶುರು ಮಾಡಿದಳು. "ಲೇ ಹ್ಯಾಪ್ಯಾ! ಹರಿಯೋ ಬೆಲ್ಟಿಗೆ ಕಿವಿ ಕೊಟ್ಟು ಕುಂತಿದ್ದೇನಲೇ? ಆ ಕಿವೀನ ಕಿತ್ತು ಈ ಕಲ್ಲಿಗೆ ಹಾಕಿ ಬೀಸಿ ಕೊಡ್ತೀನಿ. ನುಣ್ಣಗ ಬೇಕೋ ತರಿತರಿ ಬೇಕೋ ಈಗ ಹೇಳು! ಊರಿಗೆ ಊರ ಚಕ್ಕುಲಿ ಸುತ್ತಾಕ ಕುಂತಾಗ ನೀ ಬೆಲ್ಟ್ ಹರಿಯೂದು ಶೂಟಿಂಗ್ ಮಾಡ್ತೀಯೇನಲೇ?" ಇನ್ನೂ ಬಹಳ ಇತ್ತು. ನಾನು "ಶೂಟಿಂಗ್ ಅಲ್ಲ ಗಂಗಕ್ಕಾ, ಬರೀ ಆಡಿಯೋ" ಅಂದೆ. ಆ ಹೊತ್ತಿಗೆ ಹೇಳಬೇಕಾದ ಮಾತು ಅದಲ್ಲ ಅಂತ ಹೇಳಿದ ಮೇಲೆ ಗೊತ್ತಾಯ್ತು. ಅಮ್ಮ ಬಂದು, ಕಲ್ಲಿನ ಬಾಯಲ್ಲಿ ಉಳಿದ ಅರ್ಧ ಅಕ್ಕಿಯನ್ನ ಮುಷ್ಟಿ ಮುಷ್ಟಿ ತೆಗೆದು ಡಬ್ಬಿಗೆ ತುಂಬಲಿಕ್ಕೆ ನಿಂತಳು. ನನಗೆ ಗಂಗಕ್ಕನ ಬೈಗುಳ ಅಷ್ಟು ನಾಟಲಿಲ್ಲ, ಇದು ನಾಟಿತು.

ಮಾಬ್ಲಣ್ಣ ಬೆಲ್ಟ್ ತಂದು ಹಾಕುವಷ್ಟರಲ್ಲಿ ಸಂಜೆ ಆಗ್ತದೆ ಅಂತಾಯ್ತು. ಕಂಬಳ ಮರುದಿನವೇ ಇದ್ದವರು ಕಾಯುವ ಹಾಗಿರಲಿಲ್ಲ. ಗೂಡ್ಸ್ ಆಟೋದಲ್ಲಿ ಅವರ ಡಬ್ಬಿಗಳನ್ನೆಲ್ಲ ತುಂಬಿಕೊಂಡು ನಾನೇ ಸಿರ್ಸಿಗೆ ಹೋದೆ. ಅಲ್ಲಿಯ ಗಿರಣಿಯಲ್ಲೂ ಇದಕ್ಕಿಂತ ದೊಡ್ಡ ಜಾತ್ರೆ. ಸಾಲಿನಲ್ಲಿ ನಾನೊಬ್ಬನೇ ಗಂಡಸು, ಅದರಲ್ಲೂ ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡವನು. "ಈಗಾಗಲೇ ಬೀಸಿಸ್ಕೊಂಡು ಬಂದಿದಿಯಲ್ಲ ತಮ್ಮಾ, ಮತ್ತೆಂತಕ್ಕೆ ನಿಂತಿದಿಯಾ?" ಅಂತ ಒಬ್ಬಳು ಕೇಳಿದಳು. ಉಳಿದವರು ನಕ್ಕರು. ನನ್ನ ಸರದಿ ಬರುವಾಗ ದೀಪ ಹಚ್ಚುವ ಹೊತ್ತು. ಅಷ್ಟೂ ಹೊತ್ತು ಆ ಗಿರಣಿಯ ಸದ್ದನ್ನೂ ಕೇಳಿಕೊಂಡೇ ನಿಂತಿದ್ದೆ ಅಂತ ಹೇಳಿದ್ರೆ ನೀವು ನನ್ನನ್ನ ಮನುಷ್ಯರ ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ. ಅದಕ್ಕೆ ಟಕ್ ಇರಲಿಲ್ಲ, ಗಲಗಲ ಅಂತ ಬೇರೆಯೇ ಒಂದು ಇತ್ತು. ಅದು ಹೌಸ್ ಕಡೆಗೆ ಹೋಗ್ತದೆ.

ಕಂಬಳ ನಡೀತು. ಅಮ್ಮ ಬೈಯಲಿಲ್ಲ, ಕೂರಿಸಿದಳು. ಬಂದವರೆಲ್ಲರ ನಡುವೆ ನನಗೊಂದು ಮಣೆ. ನಾನು ಸುತ್ತಿದ ಚಕ್ಕುಲಿ ಒಂದು ಕಡೆ ಹಗ್ಗ, ಒಂದು ಕಡೆ ನೂಲು. ಶಾರದಕ್ಕ ಅದನ್ನ ಎತ್ತಿ ಹಿಡಿದು "ಇದು ಎಂತ, ಚಾರ್ಜರ್ ವಯರಾ?" ಅಂದಳು. ಒಂದೂ ಎಣ್ಣೆಯಿಂದ ಇಡಿಯಾಗಿ ಮೇಲೆ ಬರಲಿಲ್ಲ. ಆ ಚೂರುಗಳನ್ನೇ ಬೇರೆ ಡಬ್ಬಿಗೆ ಹಾಕಿ ಅಮ್ಮ ನನ್ನ ಹೆಸರಿಗೆ ಎತ್ತಿಟ್ಟಳು. ಮನೆಯವರಿಗೆಲ್ಲ ಚಕ್ಕುಲಿ, ನನಗೆ ಚೂರು.

ಹಬ್ಬ ಕಳೆದ ಮೇಲೆ ಆ ರೆಕಾರ್ಡಿಂಗನ್ನ ರೊಮೇನಿಯಾಕ್ಕೆ ಕಳಿಸಿದೆ. ಟಕ್ ಪೂರ್ತಿ ಬಂದಿತ್ತು, ಫಟಾರ್ ಬಂದಿತ್ತು, ಅದರ ಹಿಂದೆ ಗಂಗಕ್ಕ ಪೂರ್ತಿ ಬಂದಿದ್ದಳು. ಕತ್ತರಿಸಲಿಕ್ಕೆ ಉದಾಸೀನವಾಗಿ ಹಾಗೇ ಕಳಿಸಿದ್ದೆ. ಉತ್ತರ ಬಂತು. ಟಕ್ ಪರವಾಗಿಲ್ಲ, ಇಂಥದ್ದು ಅವರ ಊರ ಗಿರಣಿಯಲ್ಲೂ ಸಿಗ್ತದಂತೆ. ಆದ್ರೆ ಕೊನೆಯಲ್ಲಿ ಹಾಡುವ ಆ ಹೆಂಗಸು ಯಾರು? ಇಂಥ ದನಿ, ಇಂಥ ಲಯ ಅವನು ಕೇಳಿಯೇ ಇಲ್ಲವಂತೆ. ಅದನ್ನ ತನ್ನ ಮುಂದಿನ ಸಂಗೀತಕ್ಕೆ ಹಾಕಿಕೊಳ್ಳಲಿಕ್ಕೆ ಅವರ ಒಪ್ಪಿಗೆ ಕೇಳಿ ಕೊಡು, ಆಕೆಯ ಹೆಸರನ್ನೂ ಹಾಕ್ತೇನೆ ಅಂತ ಬರೆದಿದ್ದ. ಇಷ್ಟು ದಿನ ಕಿವಿ ತೆರ್ಕೊಂಡು ಹುಡುಕಿದವನು ನಾನು, ಹೊಸ ಸಂಗೀತ ಸಿಕ್ಕಿದ್ದು ಅವನಿಗೆ.

ಧೈರ್ಯ ಮಾಡಿ ಗಿರಣಿಗೆ ಹೋದೆ. ಹೊಸ ಬೆಲ್ಟು ಎಣ್ಣೆ ಹಾಕಿದ ಹಾಗೆ ಸದ್ದಿಲ್ಲದೆ ಓಡ್ತಾ ಇತ್ತು. ಗಂಗಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ, ಯಾವ ದೇಶ, ಯಾವ ಹುಡುಗ, ಏನು ಬೇಕಂತೆ ಅಂತ. ಅವಳು ಗಿರಣಿ ನಿಲ್ಲಿಸಿ, ನನ್ನ ಫೋನನ್ನ ಕಿವಿಗೆ ಹಚ್ಚಿಕೊಂಡು ತನ್ನ ಬೈಗುಳವನ್ನೇ ಮೊದಲಿಂದ ಕೊನೆ ತನಕ ಕೇಳಿದಳು. ಕೋಪವೂ ಇಲ್ಲ, ನಗುವೂ ಇಲ್ಲ. ಅಡುಗೆಯವರು ಸಾರಿನ ರುಚಿ ನೋಡುವಾಗ ಮಾಡುವ ಮುಖ. ಮುಗಿದ ಮೇಲೆ ಫೋನ್ ನನ್ನ ಕೈಗೆ ಕೊಟ್ಟು, ಡಬ್ಬಿಯ ಮೇಲೆ ಸರಿಯಾಗಿ ಕೂತುಕೊಂಡು ಹೇಳಿದಳು:

"ಇಷ್ಟ ಕಳಿಸೀಯೇನಲೇ? ಇದು ಅರ್ಧಾನೂ ಅಲ್ಲ. ಅವತ್ತು ನಿಮ್ಮವ್ವ ಎದುರಿಗೆ ನಿಂತಿದ್ಲು ಅಂತ ನಾಲಿಗಿ ಕಚ್ಚಿ ಹಿಡದಿದ್ನಿ. ಆ ಹುಡುಗ ಅಷ್ಟು ದೂರದಿಂದ ಕೇಳ್ಯಾನ ಅಂದಮ್ಯಾಲೆ ಪೂರ್ತಿ ಕೊಡೂದು ನನ್ನ ಧರ್ಮ. ಹೂಂ, ಒತ್ತು ರೆಕಾರ್ಡು. ಬಾಗಿಲ ಕಡೆ ಏನ್ ನೋಡ್ತಿ, ಇವತ್ತು ನಿಮ್ಮವ್ವ ಬರಂಗಿಲ್ಲ."